ಚಟ ರಕ್ತದಲ್ಲೇ ಬರುತ್ತಾ ಡಾಕ್ಟ್ರೇ?

ಹೋದ ತಿಂಗಳು ಈ ಅಂಕಣದಲ್ಲಿ ನೋವಿನ ಮಾತ್ರೆಗೆ ಅಂಟಿಕೊಂಡವರ ಬಗ್ಗೆ ಬರೆದಿದ್ದೆ. ಕೊನೆಗೆ 'ಮನೆತನದಲ್ಲಿ ಯಾರಿಗಾದರೂ ಚಟ ಇದ್ದರೆ ಆಪರೇಷನ್‌ಗೆ ಮುಂಚೆಯೇ ಡಾಕ್ಟರಿಗೆ ಹೇಳಿ' ಅಂತ ಒಂದು ಸಾಲು ಸೇರಿಸಿದ್ದೆ. ಬಂದ ಪತ್ರಗಳೆಲ್ಲ ಆ ಸಾಲಿನ ಮೇಲೇ. ಹಾಗಾಗಿ ನಿದ್ದೆ ಬಾರದವರು, ಪರೀಕ್ಷೆ ಭಯದವರು ಒಂದು ತಿಂಗಳು ಕಾಯಬೇಕು, ಬೇಜಾರು ಮಾಡ್ಕೋಬೇಡಿ. ಈ ಸಲ ಪೂರ್ತಿ ಇದೇ ವಿಷಯ. ಅಫೀಮು, ಮಾರ್ಫಿನ್, ಹೆರಾಯಿನ್, ಕೋಡೀನ್ ಇರುವ ಕೆಮ್ಮಿನ ಸಿರಪ್, ಟ್ರಮಡಾಲ್, ಟಪೆಂಟಡಾಲ್ ಮಾತ್ರೆ, ಇವೆಲ್ಲ ಒಂದೇ ಗುಂಪಿನ ಮದ್ದುಗಳು. ಒಪಿಯಾಯ್ಡ್ ಅಂತ ಕರೆಯುತ್ತೇವೆ. ಪತ್ರ ಬರೆದವರ ಗುರುತು ಸಿಗದ ಹಾಗೆ ವಿವರಗಳನ್ನು ಸ್ವಲ್ಪ ಬದಲಿಸಿದ್ದೇನೆ.

ನಮ್ಮ ಯಜಮಾನರು ಲಾರಿ ಓಡಿಸುತ್ತಾರೆ. ಆಕ್ಸಿಡೆಂಟ್ ಆಗಿ ತೊಡೆ ಮೂಳೆ ಮುರಿದು ರಾಡ್ ಹಾಕಿದರು. ಆಗ ಕೊಟ್ಟ ಟ್ರಮಡಾಲ್ ಮಾತ್ರೆ ನಾಲ್ಕು ವರ್ಷವಾದರೂ ಬಿಟ್ಟಿಲ್ಲ. ಈಗ ದಿನಕ್ಕೆ ಒಂದು ಸ್ಟ್ರಿಪ್. ಸಿಗದಿದ್ದರೆ ಮೈಕೈ ನೋವು, ಮೂಗು ಸೋರುತ್ತೆ, ಸಿಡುಕುತ್ತಾರೆ. 'ಅವರಪ್ಪ ಕುಡಿದು ಸತ್ತ, ಇವನು ಮಾತ್ರೆ ನುಂಗ್ತಾನೆ, ರಕ್ತ ಎಲ್ಲಿಗೆ ಹೋಗುತ್ತೆ' ಅಂತಾರೆ ಅತ್ತೆ. ಮಗ ಹತ್ತನೇ ಕ್ಲಾಸು. ಅವನಿಗೂ ಬರುತ್ತಾ?
— ಹೆಸರು ಬೇಡ, ಹಾವೇರಿ ಜಿಲ್ಲೆ

ಮೊದಲು ನಿಮ್ಮ ಯಜಮಾನರ ವಿಷಯ. ಮಗನ ವಿಷಯ ಆಮೇಲೆ.

ಮಾತ್ರೆ ಸಿಗದ ದಿನ ಅವರ ತೋಳನ್ನು ಹತ್ತಿರದಿಂದ ನೋಡಿ. ಸೆಖೆಯಲ್ಲೂ ರೋಮ ಎದ್ದು ನಿಂತಿರುತ್ತದೆ. ಒಂದರ ಹಿಂದೆ ಒಂದು ಆಕಳಿಕೆ, ಕಣ್ಣಲ್ಲಿ ನೀರು, ಹೊಟ್ಟೆ ನುಲಿತ, ಬೇಧಿ, ಕಾಲು ಒಂದು ಕಡೆ ಇಡೋಕಾಗದ ಚಡಪಡಿಕೆ. ನನ್ನ ಕ್ಲಿನಿಕ್ಕಿಗೆ ಬರುವವರು ಬಾಯಿ ಬಿಡುವ ಮೊದಲೇ ನಾನು ಈ ಆಕಳಿಕೆಯನ್ನು ಗಮನಿಸುತ್ತಿರುತ್ತೇನೆ. ಮನೆಯವರು ನೆಗಡಿ ಅಂದುಕೊಂಡು ಕಷಾಯ ಕುಡಿಸಿ ಕರೆದುಕೊಂಡು ಬಂದಿರುತ್ತಾರೆ. ಇದು ನೆಗಡಿಯೂ ಅಲ್ಲ, ದುರ್ಬುದ್ಧಿಯೂ ಅಲ್ಲ. ಒಗ್ಗಿಹೋದ ಒಪಿಯಾಯ್ಡ್ ನಿಂತಾಗ ಮೈ ಪಡುವ ಪಾಡು.

ಇನ್ನೊಂದು ತುರ್ತು ಮಾತು. ಟ್ರಮಡಾಲ್ ಜಾಸ್ತಿಯಾದರೆ ಫಿಟ್ಸ್ ಬರಬಹುದು. ದಿನಕ್ಕೊಂದು ಸ್ಟ್ರಿಪ್ ನುಂಗುವವರು ಲಾರಿ ಸ್ಟೀರಿಂಗ್ ಹಿಡಿಯಬಾರದು. ಹಾಗಂತ ನೀವು ಸಿಟ್ಟಿನಲ್ಲಿ ಮಾತ್ರೆಯನ್ನೆಲ್ಲ ಬಚ್ಚಲಿಗೆ ಸುರೀಬೇಡಿ, ಒಮ್ಮೆಲೇ ನಿಲ್ಲಿಸಿದರೆ ಎರಡೇ ದಿನಕ್ಕೆ ಮತ್ತೆ ಮೆಡಿಕಲ್ ಶಾಪ್ ಮುಂದೆ ನಿಂತಿರುತ್ತಾರೆ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಇದಕ್ಕೆ ಬುಪ್ರೆನಾರ್ಫಿನ್ ಅನ್ನುವ ಒಳ್ಳೆಯ ಔಷಧಿ ಇದೆ. ಹತ್ತಿರದಲ್ಲಿ ಚಿಕಿತ್ಸೆ ಎಲ್ಲಿ ಸಿಗುತ್ತೆ ಅಂತ ಗೊತ್ತಾಗದಿದ್ದರೆ 14446ಕ್ಕೆ ಫೋನ್ ಮಾಡಿ. ಅದು ಕೇಂದ್ರ ಸರ್ಕಾರದ ಉಚಿತ ಸಹಾಯವಾಣಿ.

ಇನ್ನು ನಿಮ್ಮ ಅತ್ತೆಯ ಮಾತು. ಅದು ಅರ್ಧ ನಿಜ. ಲೆಕ್ಕ ಹಾಕಿದವರಿಗೂ ಸಿಕ್ಕಿದ್ದು ಹೆಚ್ಚುಕಡಿಮೆ ಅರ್ಧವೇ.

ಹೊಸಬರು ಬಂದಾಗ ನಾನು ಚೀಟಿಯ ಹಿಂಭಾಗದಲ್ಲಿ ಅವರ ವಂಶದ ನಕ್ಷೆ ಬರೆಯುತ್ತೇನೆ. ಗಂಡಸಿಗೆ ಚೌಕ, ಹೆಂಗಸಿಗೆ ವೃತ್ತ, ಚಟ ಇದ್ದವರಿಗೆ ಒಳಗೆಲ್ಲ ಶಾಯಿ. 'ನಮ್ಮನೇಲಿ ಯಾರಿಗೂ ಇಲ್ಲ ಮೇಡಂ' ಅಂತಲೇ ಶುರುವಾಗುತ್ತದೆ. ಒಬ್ಬೊಬ್ಬರನ್ನೇ ಕೇಳುತ್ತಾ ಹೋಗಬೇಕು. 'ಚಿಕ್ಕಪ್ಪನಾ? ಅವನು ಕುಡೀತಿದ್ದ, ಅಷ್ಟೇ.' 'ತಾತನಾ? ಸಂಜೆ ಹೊತ್ತು, ಎಲ್ಲರ ಹಾಗೆ.' 'ದೊಡ್ಡಮ್ಮ ಹೊಗೆಸೊಪ್ಪು ಬಿಟ್ಟು ಇರಲ್ಲ, ಅದೂ ಲೆಕ್ಕಾನಾ?' ಲೆಕ್ಕವೇ. ಹತ್ತು ನಿಮಿಷದಲ್ಲಿ ಕಾಗದದ ಮೇಲೆ ಮೂರು ನಾಲ್ಕು ಕಪ್ಪು ಚೌಕ, ಒಂದು ಕಪ್ಪು ವೃತ್ತ. ಮನೆಯವರು ಆ ಕಾಗದ ನೋಡಿ ಸುಮ್ಮನಾಗುತ್ತಾರೆ.

ಕುಡಿತ, ಹೊಗೆಸೊಪ್ಪು ಯಾಕೆ ಲೆಕ್ಕ ಅಂದರೆ, ಚಟಗಳು ಜೀನ್ ಮಟ್ಟದಲ್ಲಿ, ಅಂದರೆ ಹೆತ್ತವರಿಂದ ಮಕ್ಕಳಿಗೆ ಬರುವ ವಂಶವಾಹಿಗಳ ಮಟ್ಟದಲ್ಲಿ, ನೆಂಟರು. 2023ರಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನರ ಜೀನ್ ಮಾಹಿತಿ ಒಟ್ಟು ಹಾಕಿ ಒಂದು ಅಧ್ಯಯನ ಬಂತು. ಹೆಂಡ, ತಂಬಾಕು, ಗಾಂಜಾ, ಒಪಿಯಾಯ್ಡ್ ಯಾವುದೇ ಇರಲಿ, ಚಟದ ಕಡೆಗೆ ಸ್ವಲ್ಪ ವಾಲಿಸುವ 19 ಜಾಗಗಳು ಅದರಲ್ಲಿ ಸಿಕ್ಕವು. ಅವುಗಳಲ್ಲಿ ಕೆಲವು ಡೋಪಮೈನ್‌ಗೆ ಸಂಬಂಧಪಟ್ಟವು. ಇದು ಬೇಕು, ಮತ್ತೆ ಬೇಕು ಅಂತ ಮಿದುಳಿಗೆ ಅನಿಸುವುದು ಆ ರಾಸಾಯನಿಕದ ದಾರಿಯಲ್ಲೇ. ಹಾಗಾಗಿ ಮಾವನವರ ಬಾಟಲಿಗೂ ಯಜಮಾನರ ಸ್ಟ್ರಿಪ್ಪಿಗೂ ಸಂಬಂಧ ಇರಬಹುದು. ಒಪಿಯಾಯ್ಡ್‌ಗಳಿಗೇ ಮೀಸಲಾದ ಜೀನ್ ಪಾಲೂ ಬೇರೆ ಇದೆ.

ಅರ್ಧ ಅನ್ನುವ ಲೆಕ್ಕ ಬಂದದ್ದು ಅವಳಿಗಳಿಂದ. ಒಂದೇ ಅಂಡದಿಂದಾದ ಅವಳಿಗಳ ಜೀನ್ ಪೂರ್ತಿ ಒಂದೇ. ಬೇರೆ ಬೇರೆ ಅಂಡದ ಅವಳಿಗಳು ಬರೀ ಅಣ್ಣತಮ್ಮಂದಿರಷ್ಟೇ ಹೋಲುತ್ತಾರೆ. ಇಬ್ಬರೂ ಬೆಳೆಯುವುದು ಮಾತ್ರ ಒಂದೇ ಮನೆ, ಒಂದೇ ಊಟ, ಒಂದೇ ಅಪ್ಪನ ಏಟು. ಮೊದಲ ಜೋಡಿಯಲ್ಲಿ ಒಬ್ಬನಿಗೆ ಚಟ ಇದ್ದಾಗ ಇನ್ನೊಬ್ಬನಿಗೂ ಇರುವುದು ಎಷ್ಟು ಸಲ, ಎರಡನೇ ಜೋಡಿಯಲ್ಲಿ ಎಷ್ಟು ಸಲ ಅಂತ ನೋಡಿದರೆ ಜೀನಿನ ಪಾಲು ಗೊತ್ತಾಗುತ್ತದೆ. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಅಮೆರಿಕದ ಸೈನ್ಯದಲ್ಲಿದ್ದ ಅವಳಿಗಳ ದೊಡ್ಡ ಪಟ್ಟಿಯಿಂದ ಈ ಲೆಕ್ಕ ಮಾಡಿದ್ದಾರೆ, ಬೇರೆ ಕಡೆಯೂ ಮಾಡಿದ್ದಾರೆ. ಉತ್ತರ ನೂರಕ್ಕೆ ಐವತ್ತರ ಆಸುಪಾಸು.

ಐವತ್ತು ಅಂದ ಕೂಡಲೇ ಮಗನಿಗೆ ಅರ್ಧಕ್ಕರ್ಧ ಚಾನ್ಸ್ ಅಂದುಕೊಳ್ಳಬೇಡಿ. ಈ ಲೆಕ್ಕ ಅದಲ್ಲ. ಹೊಲದಲ್ಲಿ ಜೋಳದ ದಂಟು ಎಲ್ಲಾ ಒಂದೇ ಎತ್ತರ ಇರಲ್ಲ, ಅಲ್ವಾ? ಆ ಏರುಪೇರಿನಲ್ಲಿ ಬೀಜದ ಪಾಲೆಷ್ಟು, ನೀರು ಗೊಬ್ಬರದ ಪಾಲೆಷ್ಟು ಅಂತ ಇಡೀ ಹೊಲಕ್ಕೆ ಲೆಕ್ಕ ಹಾಕಬಹುದು. ಒಂದೇ ದಂಟು ಕಿತ್ತು ತಂದು, 'ಇದರಲ್ಲಿ ಅರ್ಧ ಬೀಜ, ಅರ್ಧ ಗೊಬ್ಬರ' ಅನ್ನೋಕಾಗಲ್ಲ.

ನಿಮ್ಮ ಪ್ರಶ್ನೆಗೆ ಹತ್ತಿರದ ಉತ್ತರ ಸ್ವೀಡನ್ನಿನಿಂದ ಬಂದಿದೆ. ಅಲ್ಲಿ ದತ್ತು ಹೋದ 18,115 ಮಕ್ಕಳ ಸರ್ಕಾರಿ ದಾಖಲೆಗಳನ್ನು ಕೆನೆತ್ ಕೆಂಡ್ಲರ್ ಅನ್ನುವ ಮನೋವೈದ್ಯರ ತಂಡ ನೋಡಿ 2012ರಲ್ಲಿ ಪ್ರಕಟಿಸಿತು. ಹೆತ್ತವರಿಗೆ ಡ್ರಗ್ಸ್ ಚಟ ಇದ್ದು, ಬೇರೆ ಮನೆಯಲ್ಲಿ ಬೆಳೆದ ಮಕ್ಕಳಲ್ಲಿ ನೂರಕ್ಕೆ 8.6 ಮಂದಿಗೆ ಚಟ ಬಂದಿತ್ತು. ಹೆತ್ತವರಿಗೆ ಚಟ ಇಲ್ಲದ ದತ್ತು ಮಕ್ಕಳಲ್ಲಿ 4.2. ಅಂದರೆ ಎರಡು ಪಟ್ಟು. ಮನೆಯಲ್ಲಿ ನೋಡಿ ಕಲಿಯಲು ಹೆತ್ತಪ್ಪ ಇರಲೇ ಇಲ್ಲ, ಆದರೂ ಬಂತು. ಅತ್ತೆ ಗೆದ್ದರು. ಅದೇ ಅಂಕಿಯನ್ನು ತಿರುಗಿಸಿ ಓದಿ: ಚಟ ಇದ್ದವರ ಮಕ್ಕಳಲ್ಲೂ ನೂರಕ್ಕೆ 91 ಮಂದಿಗೆ ಬರಲಿಲ್ಲ.

ಅದೇ ಅಧ್ಯಯನದಲ್ಲಿ ಇನ್ನೊಂದು ವಿಷಯ ಇದೆ, ನನಗೆ ಅದೇ ಮುಖ್ಯ. ಸಾಕಿದ ಮನೆಯಲ್ಲಿ ಸಾವು, ವಿಚ್ಛೇದನ, ಕುಡಿತ, ಪೊಲೀಸ್ ಕೇಸು ಇಂಥವು ಇದ್ದಾಗ ಜೀನಿನ ಜೋರು ಹೆಚ್ಚಾಗಿತ್ತು. ಮನೆ ನೆಟ್ಟಗಿದ್ದ ಕಡೆ ಅದೇ ಜೀನ್ ಅಷ್ಟು ಆಟ ಆಡಲಿಲ್ಲ.

ವಿಯೆಟ್ನಾಂ ಅಂದೆನಲ್ಲ, ಆ ಕಥೆಯನ್ನೂ ಪೂರ್ತಿ ಹೇಳಿಬಿಡುತ್ತೇನೆ. 1971ರ ಹೊತ್ತಿಗೆ ಅಲ್ಲಿದ್ದ ಅಮೆರಿಕದ ಸೈನಿಕರಿಗೆ ಹೆರಾಯಿನ್ ಅಗ್ಗವಾಗಿ, ಕೈಗೆಟುಕುವ ಹಾಗೆ ಸಿಗುತ್ತಿತ್ತು. ಲೀ ರಾಬಿನ್ಸ್ ಅನ್ನುವ ಸಂಶೋಧಕಿ ಊರಿಗೆ ಮರಳಿದವರನ್ನು ಹುಡುಕಿ ಮಾತಾಡಿಸಿದರು. ಐವರಲ್ಲಿ ಒಬ್ಬರು ಅಲ್ಲಿ ಚಟಕ್ಕೆ ಬಿದ್ದಿದ್ದೆವು ಅಂದರು. ಹಾಗೆ ಬಿದ್ದವರಲ್ಲಿ ಊರಿಗೆ ಬಂದ ಮೊದಲ ವರ್ಷ ಮತ್ತೆ ಚಟಕ್ಕೆ ಬಿದ್ದವರು ನೂರಕ್ಕೆ ಐದರಷ್ಟು ಮಾತ್ರ. ವಿಮಾನ ಹತ್ತಿದಾಗ ಜೀನ್ ಬದಲಾಗಲಿಲ್ಲ. ಸಿಗುವ ಜಾಗ, ಜೊತೆಗಾರರು, ಭಯ, ಬೇಸರ ಬದಲಾಯಿತು. ನಮ್ಮ ದೇಶದಲ್ಲೂ ಹಾಗೇ. 2019ರ ರಾಷ್ಟ್ರೀಯ ಸಮೀಕ್ಷೆ ಪ್ರಕಾರ ಒಪಿಯಾಯ್ಡ್ ಬಳಸುವವರು 2.26 ಕೋಟಿ. ಅದರಲ್ಲಿ ಚಿಕಿತ್ಸೆ, ಸಹಾಯ ಬೇಕಾಗುವಷ್ಟು ತೊಂದರೆಗೆ ಬಿದ್ದವರು ಸುಮಾರು 77 ಲಕ್ಷ. ಮೂವರು ಬಳಸಿದರೆ ಒಬ್ಬರು. ಆ ಒಬ್ಬರು ಯಾರು ಅನ್ನುವುದರಲ್ಲಿ ಜೀನಿಗೆ ಪಾಲಿದೆ. ಆದರೆ ಯಾವ ರಾಜ್ಯದಲ್ಲಿ ಜಾಸ್ತಿ ಅಂತ ನೋಡಿದರೆ ಮಿಜೋರಾಂ, ನಾಗಾಲ್ಯಾಂಡ್, ಮಣಿಪುರ ಮೇಲೆ ಬರುತ್ತವೆ. ಪಕ್ಕದಲ್ಲೇ ಮ್ಯಾನ್ಮಾರ್ ಗಡಿ, ಮಾಲು ಬರುವ ದಾರಿ. ಅದಕ್ಕೆ ಅಲ್ಲಿನವರ ರಕ್ತವನ್ನು ಬೈದು ಏನು ಪ್ರಯೋಜನ?

ಮಗನಿಗೆ ಏನು ಮಾಡಬೇಕು ಅಂದರೆ, ಯಜಮಾನರ ಅಂಗಿ ಜೇಬಿನಲ್ಲಿ, ಟಿವಿ ಮೇಲೆ, ಲಾರಿ ಡ್ಯಾಶ್‌ಬೋರ್ಡಿನಲ್ಲಿ ಮಾತ್ರೆ ಬಿದ್ದಿರಬಾರದು. ಅವನಿಗೆ ಹಲ್ಲು ಕೀಳಿಸುವಾಗ, ಮೂಳೆ ಕಟ್ಟಿಸುವಾಗ 'ಮನೆಯಲ್ಲಿ ಹೀಗಿದೆ, ಪ್ಯಾರಾಸಿಟಮಾಲ್‌ನಲ್ಲೇ ಆಗುತ್ತಾ ನೋಡಿ' ಅಂತ ಡಾಕ್ಟರಿಗೆ ನೀವೇ ಬಾಯಿಬಿಟ್ಟು ಹೇಳಿ. ಬೀಡಿ, ಗುಟ್ಕಾ, ಬಿಯರು ಎಷ್ಟು ತಡವಾಗಿ ಮುಟ್ಟುತ್ತಾನೋ ಅಷ್ಟು ಒಳ್ಳೆಯದು. ಚಿಕ್ಕ ವಯಸ್ಸಿಗೆ ಶುರುವಾದ ಚಟ ಗಟ್ಟಿಯಾಗಿ ಹಿಡಿಯುತ್ತದೆ. ಅಪ್ಪನಿಗೆ ಏನಾಗಿದೆ ಅಂತ ಅವನಿಗೆ ನೇರವಾಗಿ ಹೇಳಿ, ಕಾಯಿಲೆ ಅಂತಲೇ ಹೇಳಿ. ಹದಿನೈದರ ಹುಡುಗ ಅಡುಗೆಮನೆಯ ಪಿಸುಮಾತಿನಿಂದ ಎಲ್ಲ ತಿಳಿದುಕೊಂಡಿರುತ್ತಾನೆ. ಹಾಗೇ ಅತ್ತೆಗೆ ಒಂದು ಮಾತು ಹೇಳಿ: ಮೊಮ್ಮಗನ ಮುಂದೆ 'ನೀನೂ ಅಪ್ಪನ ಹಾಗೇ ಆಗ್ತೀಯ' ಅನ್ನಬೇಡಿ ಅಂತ. ಸೊಸೆ ಹೇಳಿದರೆ ಕೇಳದಿದ್ದರೆ ಈ ಪುಟ ಓದಿಸಿ.

ಮೇಡಂ, ನಾನು ನ್ಯೂಜೆರ್ಸಿಯಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಮುಂದಿನ ತಿಂಗಳು ಮಂಡಿ ಲಿಗಮೆಂಟ್ ಆಪರೇಷನ್. ಒಪಿಯಾಯ್ಡ್ ಚಟದ ಅಪಾಯ ಹೇಳುವ ಜೀನ್ ಟೆಸ್ಟ್‌ಗೆ ಇಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಸಿಕ್ಕಿದೆ ಅಂತ ಓದಿದೆ. ನಮ್ಮ ಸೋದರಮಾವನಿಗೆ ಕುಡಿತದ ತೊಂದರೆ ಇತ್ತು. ಟೆಸ್ಟ್ ಮಾಡಿಸಲಾ? ಮೈಸೂರಿನಲ್ಲಿರುವ ತಮ್ಮನಿಗೂ ಮಾಡಿಸಬೇಕಾ?

ದುಡ್ಡು ಉಳಿಸಿ.

ಆ ಟೆಸ್ಟಿನ ಹೆಸರು ಅವರ್ಟ್‌ಡಿ. ಕೆನ್ನೆಯ ಒಳಗೆ ಕಡ್ಡಿ ಆಡಿಸಿ, ಜೀನಿನ 15 ಜಾಗಗಳನ್ನು ನೋಡಿ, ಅಪಾಯ ಜಾಸ್ತಿ ಇದೆಯೋ ಇಲ್ಲವೋ ಅಂತ ಹೇಳುತ್ತದೆ. 2022ರ ಅಕ್ಟೋಬರಿನಲ್ಲಿ ಎಫ್‌ಡಿಎಯ ಸ್ವಂತ ಸಲಹಾ ಸಮಿತಿ 11–2 ಮತದಲ್ಲಿ ಬೇಡ ಅಂದಿತ್ತು. ಆದರೂ 2023ರ ಡಿಸೆಂಬರಿನಲ್ಲಿ ಒಪ್ಪಿಗೆ ಸಿಕ್ಕಿತು. ಮರುವರ್ಷ ಏಪ್ರಿಲ್‌ನಲ್ಲಿ ಒಂದಷ್ಟು ತಜ್ಞರು ಸೇರಿ ಒಪ್ಪಿಗೆ ವಾಪಸ್ ತೆಗೆದುಕೊಳ್ಳಿ ಅಂತ ಪತ್ರ ಬರೆದರು. 2025ರ ಜನವರಿಯಲ್ಲಿ ಬೇರೆಯದೇ ತಂಡ ನಾಲ್ಕೂವರೆ ಲಕ್ಷ ಮಾಜಿ ಸೈನಿಕರ ಮಾಹಿತಿಯ ಮೇಲೆ ಆ 15 ಜಾಗಗಳನ್ನೇ ಪರೀಕ್ಷಿಸಿತು. ನೂರು ಜನರಲ್ಲಿ ಸುಮಾರು 53 ಮಂದಿಯ ಉತ್ತರ ಸರಿ ಬಂತು. ನಾಣ್ಯ ಚಿಮ್ಮಿದ್ದರೆ 50 ಬರುತ್ತಿತ್ತು.

ಜೀನಿಗೆ ಅರ್ಧ ಪಾಲಿದೆ ಅಂತ ಮೇಲೆ ಹೇಳಿ ಇಲ್ಲಿ ಟೆಸ್ಟ್ ಬೇಡ ಅಂದರೆ ಹೇಗೆ ಅಂತ ನೀವು ಕೇಳಬಹುದು. ಚಟದ ಜೀನ್ ಅಂತ ಒಂದು ಜೀನ್ ಇಲ್ಲ. ನೂರಾರು, ಬಹುಶಃ ಸಾವಿರಾರು ಜಾಗಗಳು ತಲಾ ಒಂದಿಷ್ಟೇ ಇಷ್ಟು ವಾಲಿಸುತ್ತವೆ. ಅದರಲ್ಲಿ ಹದಿನೈದನ್ನು ಆರಿಸಿಕೊಂಡು ಒಬ್ಬನ ಭವಿಷ್ಯ ಹೇಳುವುದು ಗಿಣಿಶಾಸ್ತ್ರಕ್ಕೆ ಸ್ವಲ್ಪ ಹತ್ತಿರ.

ಎಲ್ಲರಿಗಿಂತ ಹೆಚ್ಚು ಸುದ್ದಿಯಾದ ಜೀನ್ ಒಂದಿದೆ, ಒಪಿಆರ್‌ಎಂ1. ಮಾರ್ಫಿನ್ ಮಿದುಳಿನಲ್ಲಿ ಹೋಗಿ ಕೂರುವ ಜಾಗ ಇದೆಯಲ್ಲ, ಅದನ್ನು ಕಟ್ಟುವ ಸೂಚನೆ ಇರುವುದು ಈ ಜೀನಿನಲ್ಲಿ. ಅಂಥ ಜಾಗ ಮಿದುಳಿನಲ್ಲಿ ನಿಜಕ್ಕೂ ಇದೆ ಅಂತ ತೋರಿಸಿದ್ದು 1973ರಲ್ಲಿ. ನಮ್ಮ ಮಿದುಳೇ ತನಗಾಗಿ ಮಾರ್ಫಿನ್ ಥರದ ವಸ್ತು ತಯಾರಿಸಿಕೊಳ್ಳುತ್ತದೆ ಅಂತ ಗೊತ್ತಾಗಿದ್ದು 1975ರಲ್ಲಿ, ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ. ಒಪಿಆರ್‌ಎಂ1ರಲ್ಲಿ ಒಂದೇ ಅಕ್ಷರ ಬದಲಾದ ರೂಪ ಕೆಲವರಲ್ಲಿರುತ್ತದೆ, ಎ ಇರಬೇಕಾದ ಕಡೆ ಜಿ. ಅದು ಚಟ ಹೆಚ್ಚಿಸುತ್ತೆ ಅಂತ ಕೆಲವು ಸಣ್ಣ ಅಧ್ಯಯನಗಳು, ಇಲ್ಲ ಅಂತ ಇನ್ನು ಕೆಲವು, ವರ್ಷಗಟ್ಟಲೆ ಜಗಳ. 2020ರಲ್ಲಿ ಅಮೆರಿಕದ ಮಾಜಿ ಸೈನಿಕರ ದೊಡ್ಡ ಅಧ್ಯಯನದಲ್ಲಿ ಸುಳಿವು ಗಟ್ಟಿಯಾಗಿ ಸಿಕ್ಕಿತು: ಜಿ ಇದ್ದವರಿಗೆ ಅಪಾಯ ಚೂರು ಕಡಿಮೆ. ಆದರೆ ಸಿಕ್ಕಿದ್ದು ಯುರೋಪ್ ಮೂಲದವರಲ್ಲಿ ಮಾತ್ರ, ಆಫ್ರಿಕನ್ ಮೂಲದವರಲ್ಲಿ ಸಿಗಲಿಲ್ಲ. ಯುರೋಪಿನವರಲ್ಲಿ ಆ ಜಿ ನೂರಕ್ಕೆ 15ರಷ್ಟು, ನಮ್ಮ ದಕ್ಷಿಣ ಏಷ್ಯಾದವರಲ್ಲಿ 40ರಷ್ಟು. ಬೇರೆಯವರ ಅಳತೆಗೆ ಹೊಲಿದ ಅಂಗಿಯನ್ನು ನಿಮ್ಮ ತಮ್ಮನಿಗೆ ತೊಡಿಸೋಕೆ ಹೋಗಬೇಡಿ.

ಸೋದರಮಾವನ ವಿಷಯ ನಿಮ್ಮ ಸರ್ಜನ್‌ಗೆ ಹೇಳಿ, ಅದು ಆ ಟೆಸ್ಟಿಗಿಂತ ಉಪಯೋಗದ ಮಾಹಿತಿ, ಪುಕ್ಕಟೆ ಬೇರೆ. ಅಮೆರಿಕದಲ್ಲಿ ಆಪರೇಷನ್ ಆದವರ ಮೇಲೆ 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಮೊದಲು ಒಪಿಯಾಯ್ಡ್ ಮುಟ್ಟದವರ ಪೈಕಿ ನೂರಕ್ಕೆ ಆರರಷ್ಟು ಜನ ಮೂರು ತಿಂಗಳಾದ ಮೇಲೂ ಮಾತ್ರೆ ತೆಗೆದುಕೊಳ್ಳುತ್ತಲೇ ಇದ್ದರು. ಆಪರೇಷನ್ ದೊಡ್ಡದೋ ಚಿಕ್ಕದೋ ಅನ್ನುವುದು ಅಷ್ಟು ಲೆಕ್ಕಕ್ಕೆ ಬರಲಿಲ್ಲ. ಸಿಗರೇಟು, ಕುಡಿತ, ಆತಂಕ, ಖಿನ್ನತೆ, ಮೊದಲಿಂದಲೂ ಇದ್ದ ಬೇರೆ ನೋವು, ಇವು ಬಂದವು. ನಿಮಗೆ ಇದರಲ್ಲಿ ಯಾವುದಿದೆ ಅಂತ ಹೇಳೋಕೆ ಲ್ಯಾಬ್ ಬೇಕಾ? ಒಪಿಯಾಯ್ಡ್ ಬೇಕೇ ಬೇಕು ಅಂದರೆ ಕೆಲವೇ ದಿನಕ್ಕೆ ಬರೆಸಿಕೊಳ್ಳಿ. ಉಳಿದ ಮಾತ್ರೆಯನ್ನು 'ಮುಂದೆ ಬೇಕಾಗಬಹುದು' ಅಂತ ಡ್ರಾದಲ್ಲಿ ಇಟ್ಟುಕೊಳ್ಳುವ ನಮ್ಮ ಬುದ್ಧಿ ಇದೆಯಲ್ಲ, ಅದನ್ನು ಮಾತ್ರ ಬಿಡಿ. ಅಲ್ಲಿ ವಾಪಸ್ ತೆಗೆದುಕೊಳ್ಳುವ ವ್ಯವಸ್ಥೆ ಇದೆ.

ಒಂದೇ ಬಾಟಲಿ ಕೋಡೀನ್ ಸಿರಪ್. ನನ್ನವಳು ಒಂದು ಮುಚ್ಚಳ ಕುಡಿದು ಮಧ್ಯಾಹ್ನದವರೆಗೆ ತೂಕಡಿಸಿದಳು. ನಾನು ಕುಡಿದರೆ ನೀರು ಕುಡಿದ ಹಾಗೆ, ಕೆಮ್ಮೂ ನಿಲ್ಲಲಿಲ್ಲ. ನನ್ನ ಮೈ ಏನು ಕಬ್ಬಿಣವೇ?
— ನಿವೃತ್ತ ಮೇಷ್ಟ್ರು, ಸಾಗರ

ಕಬ್ಬಿಣ ಅಲ್ಲ ಸಾರ್, ನಿಮ್ಮ ಲಿವರ್ ಸ್ವಲ್ಪ ಸೋಮಾರಿ ಇರಬಹುದು. ಕೋಡೀನ್ ತಾನಾಗಿ ಹೆಚ್ಚೇನೂ ಮಾಡಲ್ಲ. ಲಿವರಿನಲ್ಲಿ ಸಿವೈಪಿ2ಡಿ6 ಅನ್ನುವ ಕಿಣ್ವ ಅದರಲ್ಲಿ ಒಂದು ಪಾಲನ್ನು ಮಾರ್ಫಿನ್ ಮಾಡುತ್ತದೆ, ಕೆಲಸವೆಲ್ಲ ಬಹುಮಟ್ಟಿಗೆ ಅದರದ್ದು. ಈ ಕಿಣ್ವದ ಜೀನ್ ಕೆಲವರಲ್ಲಿ ಕೆಟ್ಟಿರುತ್ತದೆ, ಅವರಿಗೆ ಕೋಡೀನ್ ನಾಟುವುದೇ ಇಲ್ಲ. ಕೆಲವರಲ್ಲಿ ಆ ಜೀನಿನ ಪ್ರತಿಗಳೇ ಜಾಸ್ತಿ, ಅವರಿಗೆ ಸ್ವಲ್ಪ ಕುಡಿದರೂ ಮಾರ್ಫಿನ್ ಏರಿಬಿಡುತ್ತದೆ. ಟ್ರಮಡಾಲ್ ಕೂಡ ಇದೇ ದಾರಿ. ಮಕ್ಕಳಲ್ಲಿ ಹೀಗೆ ಏರಿ ಉಸಿರು ನಿಂತದ್ದಿದೆ. ಅದಕ್ಕೇ 2017ರಲ್ಲಿ ಅಮೆರಿಕದ ಎಫ್‌ಡಿಎ 12 ವರ್ಷದೊಳಗಿನವರಿಗೆ ಕೋಡೀನ್, ಟ್ರಮಡಾಲ್ ಎರಡೂ ಕೊಡಬೇಡಿ, ಹಾಲೂಡಿಸುವ ತಾಯಂದಿರಿಗೂ ಬೇಡ ಅಂತ ಎಚ್ಚರಿಸಿತು. ಮೊಮ್ಮಕ್ಕಳು ಬಂದಾಗ ಆ ಬಾಟಲಿ ಕಪಾಟಿನ ಮೇಲಿನ ತಟ್ಟೆಯಲ್ಲಿರಲಿ. ನಾಟಲಿಲ್ಲ ಅಂತ ನೀವು ಎರಡನೇ ಮುಚ್ಚಳ, ಮೂರನೇ ಮುಚ್ಚಳ ಕುಡಿಯಬೇಡಿ. ಕೆಮ್ಮು ಎರಡು ವಾರ ದಾಟಿದ್ದರೆ ಕಫ ಪರೀಕ್ಷೆ ಮಾಡಿಸಿ, ಸಿರಪ್ ಬದಲಿಸುತ್ತಾ ಕೂರಬೇಡಿ.

ಅಣ್ಣ ಬೆಂಗಳೂರಿನಲ್ಲಿ ಓದುವಾಗ ಬ್ರೌನ್ ಶುಗರ್‌ಗೆ ಬಿದ್ದಿದ್ದ. ಈಗ ಬುಪ್ರೆನಾರ್ಫಿನ್ ತೆಗೆದುಕೊಳ್ಳುತ್ತಾ ಕೆಲಸಕ್ಕೆ ಹೋಗುತ್ತಾನೆ. ನನಗೆ ನೋಡಿದ ಗಂಡಿನ ಕಡೆಯವರಿಗೆ ಗೊತ್ತಾಗಿ 'ಇದು ನಿಮ್ಮ ವಂಶದಲ್ಲೇ ಇದೆಯಾ' ಅಂತ ಕೇಳುತ್ತಿದ್ದಾರೆ. 'ಇಲ್ಲ ಅಂತ ಹೇಳು' ಅಂತಾರೆ ಅಮ್ಮ. 'ಒಂದು ಬಿಟ್ಟು ಇನ್ನೊಂದು ಹಿಡಿದಿದ್ದಾನೆ, ಅದೂ ಚಟಾನೇ' ಅಂತಾರೆ ಬಂಧುಗಳು.
— 26 ವರ್ಷ, ಮಂಡ್ಯ

ಮಗಳೇ, ಸುಳ್ಳು ಹೇಳಬೇಡ. ಮದುವೆ ಆದ ಮೇಲೆ ಗೊತ್ತಾದರೆ ಅಣ್ಣನ ಕಾಯಿಲೆಗಿಂತ ನಿಮ್ಮ ಸುಳ್ಳೇ ದೊಡ್ಡದಾಗುತ್ತದೆ. 'ಅಣ್ಣನಿಗೆ ಇತ್ತು, ಚಿಕಿತ್ಸೆಯಲ್ಲಿದ್ದಾನೆ, ಕೆಲಸ ಮಾಡುತ್ತಿದ್ದಾನೆ' ಅಂತ ಹೇಳು. ಒಡಹುಟ್ಟಿದವರಿಗೆ ಅಪಾಯ ಬೇರೆಯವರಿಗಿಂತ ಸ್ವಲ್ಪ ಜಾಸ್ತಿ ಅನ್ನುವುದು ನಿಜ. ಆದರೆ ನಿನಗೆ 26 ಆಗಿದೆ, ಬ್ರೌನ್ ಶುಗರ್ ಅಂದರೆ ಕಲಬೆರಕೆ ಹೆರಾಯಿನ್, ಆ ಪುಡಿಯನ್ನು ನೀನು ಮುಟ್ಟೇ ಇಲ್ಲ. ಮುಟ್ಟದವರಿಗೆ ಜೀನ್ ಎಂಥದ್ದೇ ಇದ್ದರೂ ಹೆರಾಯಿನ್ ಚಟ ಬರಲ್ಲ. ಹುಟ್ಟುವ ಮಕ್ಕಳ ಮಾತು ಎತ್ತಿದರೆ, ಗಂಡಿನ ಕಡೆಯ ನಕ್ಷೆಯನ್ನೂ ಒಂದು ಹಾಳೆಯಲ್ಲಿ ಬರೆಯೋಣ ಅಂತ ಕೇಳು. ಅವರ ಮನೆಯ ಚೌಕಗಳು ಎಷ್ಟು ಬಿಳಿ ಇವೆ ನೋಡೋಣ. ಸಕ್ಕರೆ ಕಾಯಿಲೆ, ಬಿಪಿ ಎಲ್ಲವೂ ವಂಶದಲ್ಲಿ ಬರುತ್ತೆ, ಅದಕ್ಕೆ ಯಾರೂ ಹೆಣ್ಣು ಬಿಡಲ್ಲ.

ಬಂಧುಗಳಿಗೆ ಉತ್ತರ: ಬುಪ್ರೆನಾರ್ಫಿನ್ ಮಿದುಳಿನಲ್ಲಿ ಹೆರಾಯಿನ್ ಕೂರುವ ಜಾಗದಲ್ಲೇ ಕೂರುತ್ತದೆ, ಆದರೆ ಅರೆಬರೆ ಕೆಲಸ ಮಾಡುತ್ತದೆ. ಹೆಚ್ಚು ತೆಗೆದುಕೊಂಡರೂ ಒಂದು ಮಟ್ಟಕ್ಕಿಂತ ಮೇಲೆ ಅಮಲು ಏರಲ್ಲ. ಮೈ ಸಂಕಟ ನಿಲ್ಲುತ್ತದೆ, ಮನುಷ್ಯ ಬೆಳಿಗ್ಗೆ ಎದ್ದು ಡಬ್ಬಿ ಕಟ್ಟಿಕೊಂಡು ಕೆಲಸಕ್ಕೆ ಹೋಗುತ್ತಾನೆ. ಥೈರಾಯ್ಡ್ ಮಾತ್ರೆ ದಿನಾ ನುಂಗುವವರನ್ನು ಚಟದವರು ಅಂತೀವಾ? ಮದುವೆ ಆಗಲಿ ಅಂತ ಅವನ ಮಾತ್ರೆ ನಿಲ್ಲಿಸೋಕೆ ಯಾರಾದರೂ ಒತ್ತಾಯ ಮಾಡಿದರೆ ಮಧ್ಯೆ ನೀನು ನಿಲ್ಲು. ನಿಲ್ಲಿಸಿದವರು ಹಳೇ ಪ್ರಮಾಣದಲ್ಲೇ ಮತ್ತೆ ಹೆರಾಯಿನ್ ತೆಗೆದುಕೊಂಡು ಸತ್ತಿದ್ದಾರೆ, ಯಾಕೆಂದರೆ ಮೈಗೆ ಆ ಅಭ್ಯಾಸ ಅಷ್ಟರಲ್ಲಿ ಹೋಗಿರುತ್ತದೆ.

ನಮ್ಮ ವಂಶದಲ್ಲಿ ಎರಡು ಕಡೆಯೂ ಯಾರಿಗೂ ಯಾವ ಚಟವೂ ಇಲ್ಲ. ಹಾಗಾದರೆ ನಾನು ಒಂದು ಸಲ ಸುಮ್ನೆ ಟ್ರೈ ಮಾಡಿದರೆ ಏನೂ ಆಗಲ್ಲ ಅಲ್ವಾ?
— ಇಂಜಿನಿಯರಿಂಗ್ ವಿದ್ಯಾರ್ಥಿ

ಆಗುತ್ತೆ. ಉಸಿರು ನಿಲ್ಲೋಕೆ ವಂಶದಲ್ಲಿ ಇರಬೇಕಾಗಿಲ್ಲ ಮರೀ. ಪುಡಿಯಲ್ಲಿ ಏನು ಬೆರೆಸಿದ್ದಾರೆ ಅಂತ ಮಾರಿದವನಿಗೇ ಗೊತ್ತಿರಲ್ಲ.

ನಿನ್ನ ಪ್ರಶ್ನೆಯಲ್ಲಿ ಒಂದು ಒಳ್ಳೆ ಎಳೆ ಇದೆ, ಅದನ್ನು ಹೇಳುತ್ತೇನೆ. ಮೊದಲ ಸಲ ಎಲ್ಲರಿಗೂ ಒಂದೇ ಥರ ಆಗಲ್ಲ. 2012ರಲ್ಲಿ ಸ್ಟ್ಯಾನ್‌ಫರ್ಡ್‌ನವರು ಆರೋಗ್ಯವಂತ ಅವಳಿಗಳಿಗೆ ಆಸ್ಪತ್ರೆಯಲ್ಲೇ, ಉಸಿರಾಟದ ಮೇಲೆ ಕಣ್ಣಿಟ್ಟು, ಒಂದು ಒಪಿಯಾಯ್ಡ್ ಕೊಟ್ಟು ನೋಡಿದರು. ವಾಕರಿಕೆ ಬರುವ ವ್ಯತ್ಯಾಸದಲ್ಲಿ ವಂಶದ ಪಾಲು ನೂರಕ್ಕೆ 59, ಮದ್ದು ಹಿಡಿಸದೆ ಇರುವುದರಲ್ಲಿ 36. ಅಂದರೆ ಕೆಲವರು ಹುಟ್ಟಿನಿಂದಲೇ ವಾಂತಿ ಮಾಡಿಕೊಂಡು 'ಥೂ' ಅನ್ನುವವರು. ನನ್ನ ರೋಗಿಗಳನ್ನು 'ಮೊದಲ ಮಾತ್ರೆ ನುಂಗಿದಾಗ ಹೇಗಿತ್ತು' ಅಂತ ನಾನು ತಪ್ಪದೆ ಕೇಳುತ್ತೇನೆ. ಚಟಕ್ಕೆ ಬಿದ್ದವರಲ್ಲಿ ಬಹಳ ಜನ ಆ ದಿನ, ಆ ಜಾಗ, ಆ ಹೊತ್ತು ಸಮೇತ ಹೇಳುತ್ತಾರೆ. ನೀನು ಯಾವ ಗುಂಪು ಅಂತ ನೋಡೋಕೆ ನುಂಗಿಯೇ ನೋಡಬೇಕು ಅಂತಾದರೆ, ಅದು ನನಗೆ ಬೇಡವಾದ ಪ್ರಯೋಗ.

ಅಮ್ಮನಿಗೆ 71. ಕ್ಯಾನ್ಸರ್ ಬೆನ್ನು ಮೂಳೆಗೆ ಹರಡಿದೆ, ರಾತ್ರಿಯೆಲ್ಲ ನರಳುತ್ತಾರೆ. ಡಾಕ್ಟರು ಮಾರ್ಫಿನ್ ಮಾತ್ರೆ ಬರೆದಿದ್ದಾರೆ. 'ಅಪ್ಪ ಕುಡುಕರಾಗಿದ್ದರು, ನಮ್ಮನೆಗೆ ಚಟ ಬೇಗ ಹಿಡಿಯುತ್ತೆ, ಕೊಡಬೇಡ' ಅಂತ ತಮ್ಮ ಬಾಟಲಿ ಮುಚ್ಚಿಟ್ಟಿದ್ದಾನೆ. ಅವನೂ ಕುಡಿಯುತ್ತಾನೆ. ಏನು ಮಾಡಲಿ?
— ಶಿರಸಿ

ಅಕ್ಕಾ, ಇವತ್ತು ರಾತ್ರಿಯಿಂದಲೇ ಕೊಡಿ.

ತಮ್ಮನ ವಂಶದ ಲೆಕ್ಕವೇ ತಪ್ಪು. ನಿಮ್ಮ ಅಪ್ಪನ ಜೀನ್ ನಿಮ್ಮಲ್ಲಿದೆ, ತಮ್ಮನಲ್ಲಿದೆ. ಅಮ್ಮನಲ್ಲಿ ಎಲ್ಲಿಂದ ಬರಬೇಕು? ಅವರು ಬೇರೆ ಮನೆಯ ಮಗಳು. ಒಂದು ವೇಳೆ ಅವರ ತವರಿನಲ್ಲಿ ಚಟ ಇದ್ದರೂ ನಾನು ಇದೇ ಹೇಳುತ್ತಿದ್ದೆ. ಕ್ಯಾನ್ಸರ್ ನೋವಿಗೆ ಡಾಕ್ಟರು ನೋಡಿಕೊಂಡು ಕೊಡುವ ಮಾರ್ಫಿನ್ ಬೇರೆ. ಮೈ ಅದಕ್ಕೆ ಒಗ್ಗುತ್ತದೆ, ಪ್ರಮಾಣ ಏರಿಸಬೇಕಾಗುತ್ತದೆ, ಒಮ್ಮೆಲೇ ನಿಲ್ಲಿಸಿದರೆ ಕಷ್ಟ ಆಗುತ್ತದೆ. ಇಷ್ಟಕ್ಕೇ ಅದು ಚಟ ಆಗಲ್ಲ. ಚಟ ಅಂದರೆ ಬದುಕು ಹಾಳಾಗುತ್ತಿದ್ದರೂ ಅದರ ಹಿಂದೆಯೇ ಓಡುವುದು. ನಿಮ್ಮ ಅಮ್ಮ ಓಡುವುದಿರಲಿ, ಪಕ್ಕಕ್ಕೆ ತಿರುಗಿ ಮಲಗೋಕೂ ಆಗುತ್ತಿಲ್ಲ. ಮಾರ್ಫಿನ್ ಸಿಗದೆ ನಮ್ಮ ದೇಶದ ರೋಗಿಗಳು ಎಷ್ಟು ನರಳಿದ್ದಾರೆ ಅಂದರೆ, ಆಸ್ಪತ್ರೆಗಳಿಗೆ ಅದು ಸುಲಭವಾಗಿ ಸಿಗಲಿ ಅಂತಲೇ 2014ರಲ್ಲಿ ಮಾದಕ ವಸ್ತು ಕಾಯ್ದೆಗೆ ತಿದ್ದುಪಡಿ ತಂದರು. ಅಷ್ಟಾಗಿ ಸಿಕ್ಕ ಮಾತ್ರೆ ಕಪಾಟಿನಲ್ಲಿ ಕೂರಬಾರದು.

ಈಗ ಕಷ್ಟದ ಮಾತು. ಅಪ್ಪನ ಪಾಲು ಇರುವುದು, ಈಗಾಗಲೇ ಕುಡಿಯುತ್ತಿರುವುದು, ಮತ್ತು ಬಾಟಲಿ ಇಟ್ಟುಕೊಂಡಿರುವುದು ಮೂರೂ ತಮ್ಮನೇ. ಅವನು ಕದಿಯುತ್ತಾನೆ ಅಂತ ನಾನು ಹೇಳುತ್ತಿಲ್ಲ. ಅಮ್ಮನ ಮೇಲಿನ ಭಯ ಅವನಿಗೆ ನಿಜವಾಗಿಯೂ ಇರಬಹುದು, ತನ್ನ ಬಗ್ಗೆಯೇ ಇರುವ ಭಯವೂ ಇರಬಹುದು. ಆದರೂ ಬಾಟಲಿ ನಿಮ್ಮ ಕೈಗೆ ಬರಲಿ, ಬೀಗ ಇರುವ ಪೆಟ್ಟಿಗೆಯಲ್ಲಿರಲಿ, ಎಷ್ಟು ಕೊಟ್ಟೆ ಅಂತ ಕ್ಯಾಲೆಂಡರಿನಲ್ಲಿ ಬರೆದಿಡಿ. ಕುಡಿದ ಮೇಲೆ ಮಾರ್ಫಿನ್ ಸೇರಿದರೆ ಉಸಿರಿಗೇ ಅಪಾಯ ಅಂತ ಅವನಿಗೂ ಸಮಾಧಾನದಲ್ಲಿ ಹೇಳಿ. ಅವನಿಗೆ ಮಾತಾಡಬೇಕು ಅನಿಸಿದರೆ ಟೆಲಿ ಮಾನಸ್ ನಂಬರ್ 14416, ಕನ್ನಡದಲ್ಲೇ ಮಾತಾಡಬಹುದು.

ಇನ್ನೊಂದು. ಮಾರ್ಫಿನ್ ಶುರು ಮಾಡಿದ ಮೊದಲ ದಿನದಿಂದಲೇ ಮಲಬದ್ಧತೆಗೆ ಮಾತ್ರೆ ಕೊಡಬೇಕು. ಚೀಟಿಯಲ್ಲಿ ಅದು ಇಲ್ಲದಿದ್ದರೆ ಡಾಕ್ಟರಿಗೆ ಫೋನ್ ಮಾಡಿ ಕೇಳಿ ಬರೆಸಿಕೊಳ್ಳಿ.